ಮಾತಾಡಿದವಳನ್ನು ಕರೆತನ್ನಿ

ಕಳೆದ ವಾರ ಮೊಳಕಾಲ್ಮೂರಿಗೆ ಹೊರಟಿದ್ದ ಬಸ್ಸು ತಳಕು ದಾಟಿ ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ತಂಗಿಯ ಮಗಳ ಮದುವೆಗೆ ಸೀರೆ ತರಲು ಹೊರಟವಳು ನಾನು. ಊಟದ ಹೊತ್ತಿಗೆ ಮನೆಗೆ ಮರಳುವ ಲೆಕ್ಕ ಹಾಕಿಕೊಂಡಿದ್ದೆ. ಕಿಟಕಿಯಿಂದ ನೋಡಿದರೆ ರಸ್ತೆಗೆ ಅಡ್ಡಲಾಗಿ ದನ. ಬಿಳಿ, ಬೂದು, ಅಲ್ಲೊಂದು ಇಲ್ಲೊಂದು ಕೆಂದು, ಯಾವುದಕ್ಕೂ ಮೂಗುದಾರವಿಲ್ಲ. ಡ್ರೈವರ್ ಹಾರ್ನ್ ಮಾಡಲಿಲ್ಲ. ನಮ್ಮ ಕಡೆಯ ಡ್ರೈವರುಗಳು ದೇವರ ದನಕ್ಕೆ ಹಾರ್ನ್ ಮಾಡುವುದಿಲ್ಲ. ಎಂಜಿನ್ ಆರಿಸಿ ಕೈಕಟ್ಟಿ ಕುಳಿತ. ಧೂಳು, ಸಗಣಿ, ಬಿಸಿಲಿಗೆ ಕಾದ ತೊಗಲು, ಎಲ್ಲದರ ವಾಸನೆ ಒಟ್ಟಿಗೆ ಒಳಗೆ ಬಂತು. ಮೂರು ವರ್ಷದ ಹಿಂದಿನ ಒಂದು ಕಾರ್ತಿಕ ಮಾಸವೂ ಅದರ ಜೊತೆಗೆ ಬಂತು.

ದನದ ಹಿಂದೆ ಕೋಲು ಹಿಡಿದು ಬರಿಗಾಲಲ್ಲಿ ನಡೆಯುತ್ತಿದ್ದವನು ಪಾಲಯ್ಯಣ್ಣ ಆಗಿರಲಿಲ್ಲ. ಆಗಿರುವುದಿಲ್ಲ ಎಂದು ನನಗೆ ಗೊತ್ತೇ ಇತ್ತು. ಆದರೂ ಕಣ್ಣು ಹುಡುಕಿತು.

ಚಳ್ಳಕೆರೆಯ ಕಣ್ಣಿನ ಆಸ್ಪತ್ರೆಯೊಂದರ ಟ್ರಸ್ಟಿನಲ್ಲಿ ನನ್ನ ಕೆಲಸದ ಜೀವನವೆಲ್ಲ ಕಳೆಯಿತು. ಇಲ್ಲದವರ ಕಣ್ಣಿನ ಪೊರೆ ತೆಗೆಯುವ ಆಸ್ಪತ್ರೆ ಅದು, ನಡೆಯುತ್ತಿದ್ದುದು ದಾನದಿಂದ. ಹೋಗಿ ದಾನ ಕೇಳುವವರು ಬೇರೆ ಇದ್ದರು. ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಏನೆಂದು ಕೇಳಬೇಕು ಎಂದು ವಿಚಾರಿಸಿ ತಿಳಿಸುವುದು ನನ್ನ ಪಾಲಿನದು. ಹೊರಗಿನವರಿಗೆ ಇದೊಂದು ಕೆಲಸ ಎಂದೇ ಅನಿಸುತ್ತಿರಲಿಲ್ಲ. ಎಣ್ಣೆ ಮಿಲ್ಲಿನ ಜಗಲಿಯಲ್ಲಿ ಕುಳಿತು ಶೇಂಗಾ ಹಿಂಡಿಯ ವಾಸನೆ ಕುಡಿಯುತ್ತಾ ಮಾತಾಡಿ ಬರುವ ಹೆಂಗಸು ಎಂದುಕೊಂಡಿದ್ದರು.

ಆದರೆ ಅದಕ್ಕೊಂದು ಕ್ರಮವಿತ್ತು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವಳಾದ್ದರಿಂದ ಕ್ರಮ ನನಗೆ ಕಷ್ಟವೆನಿಸಿದ್ದಿಲ್ಲ. ಬೆಳಿಗ್ಗೆ ವಾರ್ಡಿನಲ್ಲಿ ಒಂದು ಸುತ್ತು, ಆಮೇಲೆ ಪೇಟೆ, ಮಧ್ಯಾಹ್ನ ಬರವಣಿಗೆ. ತಾಯಿಯ ಕಣ್ಣು ಹೋದ ಮೇಲೆ ಅವಳನ್ನು ಕೈಹಿಡಿದು ನಡೆಸಿದ ಮಗ ಯಾವ ಅಂಗಡಿಯಲ್ಲಿದ್ದಾನೆ, ಅವನ ಮನೆಯಲ್ಲಿ ತಾಯಿಯ ತಿಥಿ ಯಾವಾಗ ಎಂದು ನನಗೆ ಗೊತ್ತಿರುತ್ತಿತ್ತು. ಅಣ್ಣತಮ್ಮಂದಿರು ಭಾಗವಾದ ಮನೆಗೆ ಆ ವರ್ಷ ಹೋಗಬಾರದು. ಒಬ್ಬ ಕೊಟ್ಟರೆ ಇನ್ನೊಬ್ಬನ ತಲೆ ತಗ್ಗುತ್ತದೆ. ಯಾರನ್ನು ಕೇಳಬಾರದು ಎಂದು ತಿಳಿದಿರುವುದೇ ನನ್ನ ಕೆಲಸದ ಮುಕ್ಕಾಲು ಭಾಗವಾಗಿತ್ತು.

ಪಾಲಯ್ಯಣ್ಣ ನನಗೆ ಪರಿಚಯವಾದದ್ದು ವಾರ್ಡಿನಲ್ಲಿ. ಗೌರಸಮುದ್ರದ ಆಚೆಯ ಒಂದು ಹಟ್ಟಿಯವರು. ಆ ಹಟ್ಟಿಯ ದೇವರ ದನಕ್ಕೆ ಅವರು ಕಿಲಾರಿ, ಎಂದರೆ ಕಾಯುವವರು. ಆ ದನವನ್ನು ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಕಿಲಾರಿ ಚಪ್ಪಲಿ ಮೆಟ್ಟುವುದಿಲ್ಲ. ರಾತ್ರಿ ದನ ಕೂಡುವ ಮುಳ್ಳುಬೇಲಿಯ ರೊಪ್ಪದ ಪಕ್ಕದಲ್ಲೇ ಉಂಡು ಅಲ್ಲೇ ಮಲಗಬೇಕು. ತಂದೆಯ ನಂತರ ಕೋಲು ಎತ್ತಿಕೊಂಡ ಪಾಲಯ್ಯಣ್ಣ ಮದುವೆಯನ್ನೂ ಮಾಡಿಕೊಂಡಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ದನ ಕಾಣದಾದಾಗ ಆಸ್ಪತ್ರೆಗೆ ಬಂದರು. ಮಂಚ ಒಲ್ಲೆ ಎಂದು ನೆಲದ ಮೇಲೆ ಮಲಗಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ಬೆಳಿಗ್ಗೆ ನಾನು ವಾರ್ಡಿಗೆ ಬಂದು ಬಾಗಿಲಲ್ಲಿ ಯಾರನ್ನಾದರೂ ಮಾತಾಡಿಸಿದರೆ ಸಾಕು, ಆ ಮೂಲೆಯಿಂದ, “ಗಿರಿಜಮ್ಮ ಬಂದ್ರು, ಗಂಟೆ ಒಂಬತ್ತಾತು” ಎನ್ನುತ್ತಿದ್ದರು. ವಾರ್ಡೆಲ್ಲ ನಗುತ್ತಿತ್ತು.

ನನ್ನ ಕೊನೆಯ ವರ್ಷಗಳಲ್ಲಿ ಟ್ರಸ್ಟಿಗೆ ಹೊಸ ಕಾರ್ಯದರ್ಶಿ ಬಂದರು. ಪ್ರಶಾಂತ್ ಎಂದು. ಒಳ್ಳೆಯವರು, ಹಿರಿಯರು ಬಂದರೆ ಎದ್ದು ನಿಲ್ಲುವವರು. ದಾನಿಗಳನ್ನು ತಾನೇ ಹುಡುಕುವ ಒಂದು ಕಂಪ್ಯೂಟರ್ ಪ್ರೋಗ್ರಾಂ ತರಿಸಿದರು. ನಮ್ಮಲ್ಲಿದ್ದ ಹಳೆಯ ಪಟ್ಟಿಗಳು, ಪತ್ರಿಕೆಯ ಸುದ್ದಿ, ಎಲ್ಲೆಲ್ಲಿಯದೋ ಮಾಹಿತಿ, ಎಲ್ಲವನ್ನೂ ಅದಕ್ಕೆ ಉಣಿಸಿದರೆ ಯಾರ ಶಕ್ತಿ ಎಷ್ಟು ಎಂದು ಮೇಲಿನಿಂದ ಕೆಳಕ್ಕೆ ಜೋಡಿಸಿ ಕೊಡುತ್ತಿತ್ತು.

“ನಿಮ್ಮ ಕೆಲಸ ಎಲ್ಲೂ ಹೋಗೋದಿಲ್ಲ ಮೇಡಂ,” ಎಂದರು. “ಅದು ಹುಡುಕುತ್ತೆ, ನೀವು ನೋಡಿ ಸರಿ ಅಂತೀರಿ. ಅಷ್ಟೇ.”

ಕಲಿಯುವುದಿಲ್ಲ ಎಂದು ಹಟ ಹಿಡಿದವಳಲ್ಲ ನಾನು. ಪೇಟೆಗೆ ಹೋಗುತ್ತಿದ್ದ ಹೊತ್ತಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತೆ. ಮೊದಮೊದಲು ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಶಾಂತರಿಗಿಂತ ಬೇಗ ಪಟ್ಟಿ ತೆಗೆಯುತ್ತಿದ್ದೆ. ಅದು ಹುಡುಕಿದವರಲ್ಲಿ ನನಗೆ ಎಂದೂ ಹೊಳೆಯದವರಿದ್ದರು. ಕುದಾಪುರದ ಕಡೆಯ ವಿಜ್ಞಾನ ಸಂಸ್ಥೆಗಳಿಗೆ ಕೆಲಸಕ್ಕೆ ಬಂದು ನೆಲೆಸಿದ ಹೊರಗಿನ ಸಂಸಾರಗಳನ್ನು ನಾನು ಹುಲ್ಲುಗಾವಲಿನಾಚೆಯ ಗೋಡೆ ಎಂದಷ್ಟೇ ತಿಳಿದಿದ್ದೆ. ಅವರು ಸಂತೋಷದಿಂದ ಕೊಟ್ಟರು. ಇದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ಒಂದೇ ಒಂದನ್ನು ಕೇಳಿದ್ದೆ. “ಪ್ರಶಾಂತ್, ಇದರಲ್ಲಿ ಆಸ್ತಿ ಯಾರದು ಅನ್ನೋಕೆ ಜಾಗ ಇದೆ. ಯಾರದೋ ಆಸ್ತೀನ ಇನ್ಯಾರೋ ಕಾಯ್ತಿರ್ತಾರಲ್ಲ, ಅಂಥೋರನ್ನ ಎಲ್ಲಿ ಬರೀಬೇಕು?”

ಪ್ರಶಾಂತ್ ಪ್ರೋಗ್ರಾಂ ಮಾರಿದವರಿಗೆ ಫೋನ್ ಮಾಡಿ ಕೇಳಿದರು. ಅಂಥ ಜಾಗ ಇಲ್ಲವೆಂದೂ, ಮುಂದೆ ಯೋಚಿಸುತ್ತೇವೆಂದೂ ಅವರು ಹೇಳಿದರಂತೆ.

ಆಶ್ವಯುಜದಲ್ಲಿ ಶೇಂಗಾ ಕೀಳುವುದು ಮುಗಿದು ಮಿಲ್ಲುಗಳು ತಿರುಗತೊಡಗಿದವು. ನಮಗೆ ದಾನ ಕೇಳುವ ಕಾಲ ಅದು. ಆ ವರ್ಷ ಪ್ರಶಾಂತ್ ಅದೇ ಪ್ರೋಗ್ರಾಮಿಗೆ ಒಂದು ದನಿಯನ್ನೂ ಹಾಕಿಸಿದರು. ಕರೆ ಮಾಡುವುದೂ ಅದೇ, ಮಾತಾಡುವುದೂ ಅದೇ. ಆಫೀಸಿನಲ್ಲಿ ಎಲ್ಲರಿಗೂ ಕೇಳಿಸಿದರು. ಹೆಣ್ಣು ದನಿ. ತಪ್ಪಿಲ್ಲದ ಕನ್ನಡ, ಸಕ್ಕರೆ ಹಾಕಿದ ಹಾಗೆ. ನಡುವೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು.

ನಮ್ಮ ಜೀಪಿನ ಡ್ರೈವರ್ ಬಾಷಾ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡ. “ಯಾವೂರ ಹೆಣ್ಣು ಮೇಡಂ ಇದು? ಒಂದು ದಿನಾನೂ ಅತ್ತೆ ಮನೇಲಿ ಇದ್ದಂಗಿಲ್ಲ.”

“ಯಾರನ್ನ ಮಾತಾಡಿಸ್ಬೇಕು ಅಂತ ಯಾರು ಆರಿಸ್ತಾರೆ?” ಎಂದು ನಾನು ಪ್ರಶಾಂತರನ್ನು ಕೇಳಿದೆ.

“ಅದೇ ಆರಿಸುತ್ತೆ ಮೇಡಂ. ಒಂದೊಂದನ್ನೂ ನೀವು ನೋಡ್ತಾ ಕೂತರೆ ವರ್ಷ ಸಾಲಲ್ಲ. ಮೇಲಿನ ದೊಡ್ಡ ಹೆಸರುಗಳನ್ನ ಮಾತ್ರ ನೋಡಿ.”

ನೋಡಿದೆ. ಉಳಿದವುಗಳನ್ನು ನೋಡುವುದು ನನ್ನ ಕೈಯಲ್ಲಿರಲಿಲ್ಲ.

ಕಾರ್ತಿಕದ ಮೊದಲ ವಾರ. ಚಳಿಗಾಳಿ ಏಳಲು ಶುರುವಾಗಿತ್ತು. ಹಟ್ಟಿಗಳ ಕಡೆ ಕಣ್ಣು ತಪಾಸಣೆಯ ಶಿಬಿರಕ್ಕೆ ಹೋಗಿದ್ದ ಬಾಷಾ ಹಿಂದಿರುಗಿ, ಜೀಪು ನಿಲ್ಲಿಸಿದವನೇ ನನ್ನ ಮೇಜಿಗೆ ಬಂದ.

“ಮೇಡಂ, ಪಾಲಯ್ಯನ ಕೋಲು ಇಸ್ಕಂತಾರಂತೆ.”

“ಯಾಕೆ? ಕಣ್ಣು ಮತ್ತೆ ಕೆಟ್ಟಿತಾ?”

“ಕಣ್ಣು ಚೆನ್ನಾಗೈತೆ. ನಮ್ಮ ಕಂಪ್ಯೂಟರ್ ಅಮ್ಮಣ್ಣಿ ಫೋನ್ ಮಾಡಿದಾಳೆ ಅವರಿಗೆ.”

ನಡೆದದ್ದು ಇಷ್ಟು. ಪಾಲಯ್ಯಣ್ಣನಿಗೆ ಕಿವಿ ಸ್ವಲ್ಪ ಮಂದ. ಫೋನ್ ಬಂದರೆ ಜೋರಾಗಿ ಕೇಳುವ ಹಾಗೆ ಇಟ್ಟುಕೊಳ್ಳುತ್ತಿದ್ದರು. ಹಟ್ಟಿಯ ಹಿರಿಯರೆಲ್ಲ ರೊಪ್ಪದ ಮುಂದೆ ಕುಳಿತಿದ್ದಾಗ ಕರೆ ಬಂದಿದೆ. ‘ನಮಸ್ಕಾರ ಪಾಲಯ್ಯನವರೇ. ನಮ್ಮ ಆಸ್ಪತ್ರೆಯಿಂದ ಬೆಳಕು ಪಡೆದವರು ತಾವು. ನೂರಾರು ರಾಸುಗಳ ಮಾಲೀಕರಾದ ತಾವು ಇನ್ನೊಬ್ಬರ ಕಣ್ಣಿಗೆ ಬೆಳಕಾಗಬಹುದಲ್ಲವೇ?’ ಎಂದು ಆ ದನಿ ಎಲ್ಲರಿಗೂ ಕೇಳುವಂತೆ ಹೇಳಿದೆ.

ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಹಿಂದೊಮ್ಮೆ ದನಗಳ ಕಿವಿಗೆ ಹಳದಿ ಬಿಲ್ಲೆ ಹಾಕಲು ಬಂದ ಪಶು ಇಲಾಖೆಯವರು ಒಂದೊಂದು ರಾಸಿಗೂ ಮಾಲೀಕರ ಹೆಸರು, ಮೊಬೈಲ್ ನಂಬರು ಕೇಳಿದ್ದರು. ದೇವರಿಗೆ ಮೊಬೈಲ್ ಇಲ್ಲ. ಎದುರಿಗಿದ್ದ ಕಿಲಾರಿಯದನ್ನು ಬರೆದುಕೊಂಡು ಹೋಗಿದ್ದರು. ಒಂದು ಬೇಸಿಗೆಯಲ್ಲಿ ನಮ್ಮ ಟ್ರಸ್ಟು ಮೇವು ಹಂಚಿದಾಗ ಆ ಪಟ್ಟಿಯ ನಕಲು ನಮ್ಮ ಕಂಪ್ಯೂಟರಿಗೂ ಬಂದಿತ್ತು. ಪ್ರೋಗ್ರಾಮಿಗೆ ಅಷ್ಟು ಸಾಕಾಯಿತು.

ಪ್ರಶಾಂತ್ ನಿಜವಾಗಿಯೂ ನೊಂದುಕೊಂಡರು. ಕೂಡಲೇ ಹೆಸರು ತೆಗೆಸಿದರು. ಟ್ರಸ್ಟಿನ ಮೊಹರು ಹಾಕಿ ಕ್ಷಮಾಪಣೆಯ ಕಾಗದ ಬರೆದರು. ಅದೂ ಸಾಲದೆಂದು ತೋರಿ, “ಅದೇ ದನೀಲಿ ಒಂದು ಕ್ಷಮೆ ಕೇಳಿಸೋಣವಾ ಮೇಡಂ? ಈಗಲೇ ಮಾಡಿಸಬಹುದು,” ಎಂದರು.

ಬೇರೆ ದಾರಿ ಕಾಣದೆ, ಮಾಡಿಸಿ ಎಂದೆ.

ಮರುದಿನ ಬೆಳಿಗ್ಗೆ ದನ ಹೊರಡುವ ಹೊತ್ತಿಗೆ ಬಾಷಾ ನನ್ನನ್ನು ಹಟ್ಟಿಗೆ ಮುಟ್ಟಿಸಿದ. ರೊಪ್ಪದ ಬಾಗಿಲಲ್ಲಿ ಯಜಮಾನ ಓಬಯ್ಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುಳಿತಿದ್ದರು. ಸುತ್ತ ಹತ್ತಾರು ಜನ. ಪಾಲಯ್ಯಣ್ಣ ಅವರಿಂದ ದೂರ, ಬೇಲಿಯ ಹತ್ತಿರ ನಿಂತಿದ್ದರು. ಕೋಲು ಇನ್ನೂ ಕೈಯಲ್ಲಿತ್ತು. ನಾನು ಚಪ್ಪಲಿ ಬಿಟ್ಟು ಹೋಗಿ ಕಾಗದ ಓದಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು.

“ಚೆನ್ನಾಗೈತಮ್ಮ ಕಾಗದ,” ಎಂದರು ಓಬಯ್ಯ. “ಪಾಲಯ್ಯ ಕಳ್ಳ ಅಂತ ನಾವ್ಯಾರೂ ಅಂದಿಲ್ಲ. ಆದ್ರೆ ದೇವರ ದನದ ಮೇಲೆ ಒಂದು ಮಾತು ಬಿದ್ದೈತೆ. ಬಿದ್ದ ಮಾತನ್ನ ಆಡಿದೋರೇ ಬಂದು ಎತ್ಕಬೇಕು. ದನ ಹೊರಡೋ ಹೊತ್ತಿಗೆ ಈ ಬಾಗ್ಲಾಗೆ ನಿಂತು, ನಾನಂದಿದ್ದು ಸುಳ್ಳು ಅನ್ನಬೇಕು. ನಮ್ಮಜ್ಜನ ಕಾಲದಿಂದ ನಡ್ಕಂಡು ಬಂದಿರೋದು ಅಷ್ಟೇ. ದಂಡ ಇಲ್ಲ, ಬೈಗುಳ ಇಲ್ಲ. ಆ ಹೆಣ್ಮಗಳನ್ನ ಕರ್ಕಂಬರ್ರಿ.”

“ಅವಳು ಹೆಣ್ಣುಮಗಳಲ್ಲ ಯಜಮಾನರೇ. ಅದು ಯಂತ್ರ.”

“ಯಂತ್ರ ಅಂದ್ರೆ ಫೋನು. ಫೋನ್ನಾಗೆ ಮಾತಾಡಿದೋಳು ಯಾರು?”

“ಯಾರೂ ಇಲ್ಲ.”

ಹಿಂದೆ ಕುಳಿತಿದ್ದ ಒಬ್ಬ ಮುದುಕ ನಕ್ಕ. “ಬಾಯಿಲ್ದೆ ಮಾತು ಹೆಂಗ್ ಬಂತಮ್ಮ? ಗಂಡ ಕಳಿಸವಲ್ನಾ? ಬಸ್ ಚಾರ್ಜ್ ನಾವೇ ಕೊಡ್ತೀವಿ, ತಗಾ.”

ನಾನು ಪ್ರಶಾಂತ್ ಮಾಡಿಸಿಕೊಟ್ಟಿದ್ದ ಕ್ಷಮೆಯನ್ನು ಫೋನಿನಲ್ಲಿ ಕೇಳಿಸಿದೆ. ಅದೇ ದನಿ, ಅದೇ ಸಕ್ಕರೆ. ‘ನಮ್ಮಿಂದಾದ ಅಡಚಣೆಗೆ ವಿಷಾದಿಸುತ್ತೇವೆ.’ ಕೇಳಿದ ಮೇಲೆ ಓಬಯ್ಯನ ಮುಖ ಬಿಗಿಯಿತು.

“ನೋಡ್ದ್ರಾ. ತಪ್ಪಾತು ಅಂತ ಆಕೆಗೂ ಗೊತ್ತೈತೆ. ಗೊತ್ತಿದ್ದೂ ಬರವಲ್ಲಳು. ಇದು ಮೊದಲಿಗಿಂತ ಹೆಚ್ಚಾತು.”

ಆಗ ನಾನು, ಅಷ್ಟು ವರ್ಷಗಳಲ್ಲಿ ಒಂದು ತಪ್ಪು ಹೆಸರನ್ನೂ ಬರೆಯದವಳು, ಎದ್ದು ನಿಂತು, “ಆ ಮಾತಾಡಿದವಳು ನಾನೇ,” ಎಂದುಬಿಟ್ಟೆ.

ಓಬಯ್ಯ ನನ್ನನ್ನು ಬಹಳ ಹೊತ್ತು ನೋಡಿದರು. ಅವರಿಗೂ ಇದು ಮುಗಿದರೆ ಸಾಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

“ಹಂಗಾದ್ರೆ ಅವತ್ತು ಆಡಿದ ಮಾತು ಇನ್ನೊಂದು ಸಾರಿ ಆಡಮ್ಮ. ಆಮ್ಯಾಲೆ ಸುಳ್ಳು ಅನ್ನು. ಮುಗೀತು.”

ಆಡಿದೆ. ‘ನಮಸ್ಕಾರ ಪಾಲಯ್ಯನವರೇ,’ ಎಂದು ಆದಷ್ಟು ನಯವಾಗಿ ಶುರುಮಾಡಿದೆ. ನನ್ನದು ಚಳ್ಳಕೆರೆಯ ಪೇಟೆಯಲ್ಲಿ ಕೂಗಿ ಮಾತಾಡಿ ಒರಟಾದ ಗಂಟಲು. ಅರ್ಧಕ್ಕೆ ಬರುವಷ್ಟರಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ಆದರೂ ಓಬಯ್ಯ ಕೈಯೆತ್ತಿ ಸುಮ್ಮನಿರಿಸಿದರು. ಅವರು ಒಪ್ಪಿಕೊಳ್ಳುತ್ತಿದ್ದರು.

ಬೇಲಿಯ ಕಡೆಯಿಂದ ಪಾಲಯ್ಯಣ್ಣನ ದನಿ ಬಂತು. “ಕಾದು, ಕಾದು.”

ಅಲ್ಲ, ಅಲ್ಲ ಎಂದು ತೆಲುಗಿನಲ್ಲಿ. ಮನಸ್ಸು ಕಲಕಿದಾಗ ಅವರು ಮನೆಮಾತಿಗೆ ತಿರುಗುತ್ತಿದ್ದರು. ಹತ್ತಿರ ಬಂದರು.

“ಇವರಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದಾಗ ನಾನು ದಿನಾ ಕೇಳಿದ ದನಿ ಇದು. ಬೆಳಗಾತು ಅಂತ ನನಗೆ ಗೊತ್ತಾಗ್ತಿದ್ದಿದ್ದೇ ಈ ದನಿಯಿಂದ.” ನನ್ನ ಕಡೆ ತಿರುಗಿದರು. “ದನದ ಮುಂದೆ ಸುಳ್ಳು ಯಾಕೆ ಆಡ್ತೀರಮ್ಮ? ನನಗೋಸ್ಕರ ನೀವು ಕೆಡಬ್ಯಾಡ್ರಿ.”

“ಪಾಲಯ್ಯಣ್ಣ, ಸುಮ್ಮನಿರಿ,” ಎಂದೆ. ಮೆಲ್ಲಗೆ ಎಂದುಕೊಂಡು ಹೇಳಿದ್ದು. ಎಲ್ಲರಿಗೂ ಕೇಳಿಸಿತು.

ಇನ್ನು ಓಬಯ್ಯನ ಕೈಯಲ್ಲೂ ಏನೂ ಉಳಿಯಲಿಲ್ಲ. ಕಾರ್ತಿಕ ಮುಗಿಯುವವರೆಗೆ ಕಾಯುತ್ತೇವೆ, ಅಷ್ಟರಲ್ಲಿ ಆಕೆ ಬರಲಿ ಎಂದರು. ಬರುವ ದಾರಿಯಲ್ಲಿ ಬಾಷಾ ಒಂದೂ ತಮಾಷೆ ಮಾಡಲಿಲ್ಲ. ತಳಕಿನ ಹತ್ತಿರ ಮಾತ್ರ, “ನಮ್ಮ ಭಾಬಿನ ಕಳಿಸ್ಲಾ ಮೇಡಂ? ಅವಳ ದನಿ ಸಣ್ಣ,” ಎಂದ. ಸ್ವಲ್ಪ ಮುಂದೆ ಹೋದ ಮೇಲೆ, “ಪಾಲಯ್ಯ ಅವಳನ್ನೂ ಅಲ್ಲ ಅಂತಾನೆ ಬಿಡ್ರಿ,” ಎಂದು ತಾನೇ ಹೇಳಿಕೊಂಡ.

ಉಳಿದ ಆ ದಿನಗಳಲ್ಲಿ ನಾನು ಏನು ಮಾಡಬಹುದಿತ್ತೋ ಅದನ್ನೆಲ್ಲ ಮಾಡಿದೆ. ಪ್ರೋಗ್ರಾಂ ಮಾರಿದವರಿಗೆ ಫೋನ್ ಮಾಡಿದೆ. ಆ ದನಿ ಯಾವ ಹೆಣ್ಣಿನದಾದರೂ ಆಗಿದ್ದರೆ ತಿಳಿಸಿ, ನಾನೇ ಹೋಗಿ ಕೈಮುಗಿದು ಕರೆತರುತ್ತೇನೆ ಎಂದೆ. ಆ ಕಡೆಯ ಹುಡುಗಿ ಸಮಾಧಾನದಿಂದ ವಿವರಿಸಿದಳು. ಬಹಳ ಜನರ ದನಿ ಕೇಳಿಸಿ ಕಲಿಸಿದ್ದಂತೆ, ಯಾರೊಬ್ಬರದೂ ಅಲ್ಲವಂತೆ. ಪಶು ಇಲಾಖೆಗೂ ಫೋನ್ ಮಾಡಿ, ಬಿಲ್ಲೆಯ ಪಟ್ಟಿಯಲ್ಲಿ ಹೆಸರು ಬದಲಾಯಿಸಬಹುದೇ ಎಂದು ವಿಚಾರಿಸಿದೆ. ಬದಲಾಯಿಸಬಹುದು, ಹೊಸ ಮಾಲೀಕರ ಹೆಸರು ಹೇಳಿ ಎಂದರು. ಯಾರ ಹೆಸರು ಹೇಳಿದರೂ ಅವರ ಗತಿ ಪಾಲಯ್ಯಣ್ಣನ ಗತಿಯೇ. ಫೋನ್ ಇಟ್ಟೆ. ದಿನವೂ ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗುತ್ತಿದ್ದೆ. ಪರದೆಯ ಮೇಲೆ ಹೆಸರುಗಳು ಬರುತ್ತಿದ್ದವು. ಸರಿ, ಸರಿ ಎಂದು ಒತ್ತುತ್ತಿದ್ದೆ. ಆ ಕಾರ್ತಿಕದಲ್ಲಿ ದಾನ ಹಿಂದೆಂದೂ ಬಾರದಷ್ಟು ಚೆನ್ನಾಗಿ ಬಂತು. ಸಭೆಯಲ್ಲಿ ಪ್ರಶಾಂತ್ ನನ್ನ ಹೆಸರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ಕೈಮುಗಿದೆ. ಇನ್ನೇನು ಮಾಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಹಟ್ಟಿಗೆ ಹೋದೆ. ಪಾಲಯ್ಯಣ್ಣ ಮಿಂದು ಬಂದಿದ್ದರು. ಕಿಲಾರಿತನ ಬಿಡುವವರು ಕೋಲನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ರೊಪ್ಪದ ಬಾಗಿಲಲ್ಲಿ ನೆಲದ ಮೇಲೆ ಮಲಗಿಸುತ್ತಾರೆ. ದನ ಅದನ್ನು ದಾಟಿ ಹೊರಗೆ ಹೋಗುತ್ತವೆ. ಕೊನೆಯ ಕರು ದಾಟಿದ ಮೇಲೆ ಹೊಸಬ ಎತ್ತಿಕೊಳ್ಳುತ್ತಾನೆ. ಹಾಗೇ ಆಯಿತು. ಒಂದು ಮುದಿ ಹಸು ಮಾತ್ರ ಕೋಲಿನ ಹತ್ತಿರ ನಿಂತು, ಮೂಸಿ, ಪಾಲಯ್ಯಣ್ಣನ ಕಡೆ ಬರತೊಡಗಿತು. ಅವರು ಅದಕ್ಕೆ ಬೆನ್ನು ತಿರುಗಿಸಿ ನಿಂತರು. ಹಾಗೆ ನಿಲ್ಲಬೇಕಾದದ್ದೇ ಕ್ರಮ. ಹೊಸಬ ನಾಲಿಗೆ ಲೊಟ್ಟೆ ಹೊಡೆದು ಕರೆದ ಮೇಲೆ ಹಸು ಹೋಯಿತು.

ಮರುವರ್ಷ ನಾನು ನಿವೃತ್ತಳಾದೆ. ನನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಬೇಕಾಗಿರಲಿಲ್ಲ.

ರಸ್ತೆಯ ಮೇಲಿನ ದನ ಮುಗಿದು ಬಸ್ಸು ಹೊರಟಿತು. ಮುಂದಿನ ನಿಲ್ದಾಣದಲ್ಲಿ ಸೀರೆಯ ಯೋಚನೆ ಬಿಟ್ಟು ಇಳಿದು, ಹಟ್ಟಿಯ ಬಸ್ಸು ಹಿಡಿದೆ. ಹಟ್ಟಿಯ ಅಂಚಿನಲ್ಲಿ ಪಾಲಯ್ಯಣ್ಣನ ತಮ್ಮನ ಮನೆ. ಅವರು ಈಗ ಅಲ್ಲಿರುತ್ತಾರೆ. ಬೇವಿನ ಮರದ ಕೆಳಗೆ ಕುಳಿತಿದ್ದರು. ಈಗಲೂ ಬರಿಗಾಲು. ನಾನು ತಮ್ಮನ ಹೆಂಡತಿಯನ್ನು ಮಾತಾಡಿಸಿದ್ದೇ ತಡ, ತಲೆಯೆತ್ತದೆ, “ಗಿರಿಜಮ್ಮ ಬಂದ್ರು. ಇವತ್ತು ಗಂಟೆ ತಪ್ಪೈತೆ,” ಎಂದರು.

ನೀರು ಕುಡಿದು, ಕಣ್ಣು ಹೇಗಿದೆ, ಮಂಡಿ ಹೇಗಿದೆ ಎಂದು ಮಾತಾಡಿದೆವು. ದನದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಅವರು ಎದ್ದು ನಿಂತು, ಜೋರಾಗಿ ಕೇಳುವ ಹಾಗೆ ಇಟ್ಟರು.

‘ನಮಸ್ಕಾರ ಪಾಲಯ್ಯನವರೇ.’

ಹೆಸರು ತೆಗೆಸಿದ್ದೆವು. ಆದರೆ ಬಿಲ್ಲೆಯ ಪಟ್ಟಿ ಹೊಸದಾಗಿ ಬಂದಾಗಲೆಲ್ಲ ಅದು ತಾನಾಗಿ ಸೇರಿಕೊಳ್ಳುತ್ತದೆ ಎಂದು ಕಾಣುತ್ತದೆ. ತಮ್ಮನ ಹೆಂಡತಿ ಒಳಗಿನಿಂದಲೇ ಗೊಣಗಿದಳು. “ವರ್ಷಾ ವರ್ಷಾ ಇದೇ ಆತು. ನಂಬರ್ ಬದಲಾಯಿಸು ಬಾವ ಅಂದ್ರೆ ಕೇಳಲ್ಲ.”

“ಬದಲಾಯಿಸಿದ್ರೆ ಆಕೆ ನನ್ನ ಎಲ್ಲಿ ಹುಡುಕ್ತಾಳೆ?” ಎಂದರು ಪಾಲಯ್ಯಣ್ಣ.

ದನಿ ತನ್ನ ಮಾತು ಮುಗಿಸುವವರೆಗೆ ಮರ್ಯಾದೆಯಿಂದ ಕಾದರು. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಊರಿನ ಹೆಣ್ಣುಮಗಳನ್ನು ಮಾತಾಡಿಸುವ ಹಾಗೆ ಹೇಳಿದರು. “ಅವ್ವಾ, ನಾನು ಪಾಲಯ್ಯ. ಸಿಟ್ಟಿಲ್ಲ ನನಗೆ. ಒಂದು ಸಾರಿ ಬಂದು ಹೋಗವ್ವ. ಬಸ್ಸು ಹಟ್ಟಿ ತನಕ ಬರ್ತೈತೆ ಈಗ.”

‘ಧನ್ಯವಾದಗಳು,’ ಎಂದಿತು ದನಿ. ‘ಈ ಸಂದೇಶವನ್ನು ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ.’

ಅವರು ಒಂದನ್ನು ಒತ್ತಿ, ಫೋನನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಅದನ್ನು ಜೇಬಿಗೆ ಇಳಿಸಿ ಕುಳಿತುಕೊಂಡರು.

“ಹೋದ ವರ್ಷಕ್ಕಿಂತ ಈ ಸಾರಿ ಸ್ವಲ್ಪ ಮೆತ್ತಗಾದಂಗೆ ಐತೆ ದನಿ. ಅಲ್ವೇನಮ್ಮ?”

ಹೂಂ ಎಂದೆ.